ಹಿರೀಸಾವೆಗೆ ಹೋದ ಪಾರ್ಸಲ್

ಅಧ್ಯಾಯ ಒಂಬತ್ತು

"ಈ ಫೋಟೊ ತೆಗೆದದ್ದು ಯಾರಮ್ಮ?"

ಬಸವರಾಜು ತಮ್ಮ ಫೋನನ್ನು ಲೇಬಲ್ ಪ್ರಿಂಟರಿನ ಪಕ್ಕದಲ್ಲಿಟ್ಟು ಸ್ಮಿತಾಳ ಕಡೆಗೆ ತಿರುಗಿಸಿದರು.

ಹೊಳೆನರಸೀಪುರದ ಆ ಮನೆಯ ಮುಂದಿನ ಕೋಣೆಯಲ್ಲಿ ಬೆಳಗಿನ ಬಿಸಿಲು ಹೊಲಿಗೆ ಯಂತ್ರದವರೆಗೆ ಬಂದಿತ್ತು. ಪಾರ್ಸಲಿನಲ್ಲಿ ಕಳಿಸಿ ಮಾರುವ ಮಕ್ಕಳ ಕುಲಾವಿಯೊಂದಕ್ಕೆ ಲಾಡಿ ಹೊಲಿಯುತ್ತಿದ್ದ ಸ್ಮಿತಾ ಚಕ್ರದ ಮೇಲೆ ಕೈಯಿಟ್ಟು ನಿಲ್ಲಿಸಿದಳು. ಫೋನನ್ನು ಒಂದು ಸಲ ನೋಡಿದಳು. ಮತ್ತೆ ಆ ಕಡೆ ನೋಡಲಿಲ್ಲ.

ಫೋಟೊದಲ್ಲಿದ್ದದ್ದು ಇದೇ ಕೋಣೆಯ ಕೆಂಪು ನೆಲ. ಅದರ ಮೇಲೆ ಒಂದರ ಮೇಲೊಂದು ಪೇರಿಸಿದ ರಟ್ಟಿನ ಡಬ್ಬಿಗಳು. ಎಲ್ಲಕ್ಕಿಂತ ಮೇಲಿನ ಡಬ್ಬಿಯ ಲೇಬಲ್ ಕ್ಯಾಮೆರಾ ಕಡೆಗೇ ಮುಖ ಮಾಡಿತ್ತು. ದೀಪಶ್ರೀ, ದ್ಯಾವಯ್ಯನವರ ಹೋಟೆಲ್ ಹಿಂಭಾಗ, ಹಿರೀಸಾವೆ, ಚನ್ನರಾಯಪಟ್ಟಣ ತಾಲ್ಲೂಕು. ಒಂದೊಂದು ಅಕ್ಷರವೂ ಸ್ಪಷ್ಟ.

ಹನ್ನೆರಡು ದಿನಗಳ ಹಿಂದೆ ಸುನೀಲ್‌ಕುಮಾರ್ ಇದೇ ಫೋಟೊ ಹಿಡಿದು ಹಿರೀಸಾವೆಗೆ ಬಂದಿದ್ದ. ಅವನಿಂದ ತಪ್ಪಿಸಿಕೊಂಡು ಅಲ್ಲಿ ಅಡುಗೆ ಕೆಲಸ ಮಾಡಿಕೊಂಡಿದ್ದ ಅವನ ಹೆಂಡತಿ ದೀಪಶ್ರೀ, ಎಂಟು ತಿಂಗಳ ಮಗಳನ್ನು ಕಂಕುಳಿಗೆ ಏರಿಸಿಕೊಂಡು ಹೋಟೆಲಿನ ಹಿತ್ತಲಿನಿಂದ ಹೊರಟವಳು ಎಲ್ಲಿಗೆ ಹೋದಳೆಂದು ಯಾರಿಗೂ ಗೊತ್ತಿರಲಿಲ್ಲ.

"ಬೆಟ್ಟಮ್ಮ ತೆಗೆದದ್ದು ಅಂತ ನೀವೇ ಹೇಳಿದ್ರಲ್ಲ ಸರ್," ಎಂದಳು ಸ್ಮಿತಾ.

"ಹೇಳಿದ್ದೆ."

ಎಂಟು ದಿನಗಳ ಹಿಂದೆ ಇದೇ ಬಾಗಿಲಲ್ಲಿ ನಿಂತು, ಬೀದಿಯ ಹತ್ತು ಹನ್ನೆರಡು ಜನ ಕೇಳುವಂತೆ ಹೇಳಿದ್ದರು. ಸ್ಮಿತಾಳಿಗೆ ಡಬ್ಬಿ ಕಟ್ಟಿಕೊಡುತ್ತಿದ್ದ ಬೆಟ್ಟಮ್ಮನನ್ನು ಎದುರಿಗೆ ನಿಲ್ಲಿಸಿಕೊಂಡು, ಒಬ್ಬ ತಾಯಿಯ ವಿಳಾಸ ಮಾರಿಕೊಂಡವಳು ನೀನು ಎಂದಿದ್ದರು. ಬಸವರಾಜು ಮೂವತ್ತನಾಲ್ಕು ವರ್ಷ ಅಂಚೆ ಕೆಲಸದಲ್ಲಿದ್ದು, ನಿರೀಕ್ಷಕರಾಗಿ ನಿವೃತ್ತರಾದ ಹಾಸನದ ಮನುಷ್ಯ. ಕಾಣೆಯಾದ ಪತ್ರಗಳನ್ನು ಹುಡುಕಿಕೊಟ್ಟವರು ಎಂಬ ಹೆಸರಿತ್ತು. ಅವರ ಬಾಯಿಂದ ಬಂದದ್ದನ್ನು ಬೀದಿ ನಂಬಿತು.

ಆಗ ಅವರಿಗೆ ಎಲ್ಲವೂ ಕೂಡಿಬಂದಂತೆ ಕಂಡಿತ್ತು. ಸ್ಮಿತಾ ಮನೆಯಲ್ಲೇ ತೂಗಿ, ಮನೆಯಲ್ಲೇ ಮುದ್ರಿಸಿದ ಲೇಬಲಿನಲ್ಲಿ ಹಿರೀಸಾವೆಯ ಡಬ್ಬಿಯ ತೂಕ ನಾನೂರ ಹತ್ತು ಗ್ರಾಂ. ಅದೇ ಡಬ್ಬಿ ಪಾರ್ಸಲ್ ಕೌಂಟರಿನ ತಕ್ಕಡಿಯಲ್ಲಿ ಐನೂರ ಅರವತ್ತು ತೂಗಿತ್ತು. ತೂಕದಲ್ಲಿ ವ್ಯತ್ಯಾಸವಿದೆ ಎಂಬ ಸಂದೇಶ ಸ್ಮಿತಾಳ ಫೋನಿಗೆ ಬಂದಿತ್ತು. ಮನೆಯಿಂದ ಕೌಂಟರಿಗೆ ಡಬ್ಬಿಗಳನ್ನು ಒಯ್ಯುತ್ತಿದ್ದವಳು ಬೆಟ್ಟಮ್ಮ. ದಾರಿಯಲ್ಲಿ ಡಬ್ಬಿ ತೆರೆದು ಏನನ್ನೋ ಒಳಗೆ ಇಟ್ಟವಳು ಅವಳೇ ಆಗಿರಬೇಕು. ಸಾಲದೆಂಬಂತೆ, ಅವಳು ಸುನೀಲ್‌ಕುಮಾರನ ಕಡೆಯ ಅರಕಲಗೂಡು ತಾಲ್ಲೂಕಿನವಳು. ಆ ಡಬ್ಬಿ ಕಟ್ಟುವಾಗ, ಈ ಮಗೀಗೆ ಎಷ್ಟು ತಿಂಗಳು ಎಂದು ಕೇಳಿದ್ದಳಂತೆ. ಬೇರೆ ಯಾವ ಡಬ್ಬಿಯ ಬಗ್ಗೆಯೂ ಕೇಳದವಳು.

ಬೆಟ್ಟಮ್ಮ ಅಂದು ಒಂದು ಮಾತೂ ಆಡಲಿಲ್ಲ. ಗೂಟಕ್ಕೆ ಹಾಕಿದ್ದ ಚೀಲ ತೆಗೆದುಕೊಂಡು, ಜನ ಬಿಟ್ಟ ದಾರಿಯಲ್ಲಿ ನಡೆದು ಹೋದಳು. ಆ ಮೌನವನ್ನೂ ಬಸವರಾಜು ತಪ್ಪೊಪ್ಪಿಗೆ ಎಂದೇ ತಿಳಿದಿದ್ದರು.

"ಆಗ ಫೋಟೊ ಇದೆ ಅಂತ ಕೇಳಿದ್ದೆ ಅಷ್ಟೆ. ಕಣ್ಣಾರೆ ನೋಡಿದ್ದು ನಿನ್ನೆ," ಎಂದರು ಅವರು. "ಸುನೀಲ್‌ಕುಮಾರ್ ಇದನ್ನ ದ್ಯಾವಯ್ಯನ ಫೋನಿಗೂ ಕಳಿಸಿದ್ದನಂತೆ, ಅವಳು ಮತ್ತೆ ಬಂದರೆ ತಿಳಿಸು ಅಂತ. ದ್ಯಾವಯ್ಯ ಹೆದರಿಕೊಂಡು ಇಷ್ಟು ದಿನ ಮುಚ್ಚಿಟ್ಟಿದ್ದ. ಕೆಳಗೆ ಏನು ಬರೆದಿದೆ ಓದು."

ಸ್ಮಿತಾ ಓದಲಿಲ್ಲ.

ಬಸವರಾಜು ತಾವೇ ಓದಿದರು. "ಇವತ್ತಿನ ಪಾರ್ಸಲ್‌ಗಳು ರೆಡಿ. ಎಲ್ಲಾ ಪುಟ್ಟ ಕಂದಮ್ಮಗಳಿಗೂ ಸ್ಮಿತಾ ಆಂಟಿಯ ಪ್ರೀತಿ."

ಓದಿ ಮುಗಿಸಿ ಫೋನಿನ ಸ್ಕ್ರೀನ್ ಆರಿಸಿದರು.

"ಬೆಟ್ಟಮ್ಮನಿಗೆ ಓದು ಬರಹ ಬರಲ್ಲ. ಪ್ರತಿ ಲೇಬಲ್ ಅಂಟಿಸುವಾಗಲೂ ನೀನು ಹೆಸರು, ಊರು ಗಟ್ಟಿಯಾಗಿ ಓದಿ ಹೇಳ್ತಿದ್ದೆ. ಇದನ್ನ ನೀನೇ ನನಗೆ ಹೇಳಿದ್ದು. ಅವತ್ತೇ ನಾನು ಯೋಚನೆ ಮಾಡಬೇಕಿತ್ತು."

ಹೊರಗೆ ಯಾರದೋ ಬೈಕು ಹೋಯಿತು. ಮೇಜಿನ ಮೇಲಿದ್ದ ಪ್ರಿಂಟರ್ ಇದ್ದಕ್ಕಿದ್ದಂತೆ ಸದ್ದು ಮಾಡಿ ಲೇಬಲೊಂದನ್ನು ಹೊರಗೆ ತಳ್ಳಿತು. ಯಾವುದೋ ಊರಿನ ಯಾವುದೋ ತಾಯಿ, ಅವಳ ಮನೆಯ ನಂಬರು, ಅವಳ ಫೋನ್ ನಂಬರು. ಸ್ಮಿತಾ ಅದನ್ನು ಹರಿದು ತೆಗೆದು, ಅಕ್ಷರಗಳು ಕಾಣದಂತೆ ಮಗುಚಿ ಇಟ್ಟಳು.

"ಸ್ಟೇಟಸ್‌ಗೆ ಹಾಕಿದ್ದೆ ಸರ್," ಎಂದಳು. "ವಾಟ್ಸಾಪ್ ಸ್ಟೇಟಸ್. ದಿನಾ ಹಾಕ್ತಿದ್ದೆ. ಆರ್ಡರ್ ಬರುತ್ತೆ ಅಂತ. ಮನೇಲಿ ಕೂತು ಏನೋ ಮಾಡ್ತಾಳೆ ಅಂತ ಆಡ್ಕೊಳ್ಳೋರು ನೋಡಲಿ ಅಂತಾನೂ ಇತ್ತು. ಲೇಬಲ್ ಕಾಣುತ್ತೆ ಅನ್ನೋದು ತಲೇಗೇ ಬರಲಿಲ್ಲ."

"ಎಷ್ಟು ಜನ ನೋಡಿದ್ರು?"

"ಇನ್ನೂರು ಚಿಲ್ಲರೆ. ಅರಕಲಗೂಡಿನ ಕಡೆಯೋರೂ ಬೇಕಾದಷ್ಟು ಜನ ಇದ್ದಾರೆ ಸರ್, ಕುಲಾವಿ ತಗೊಂಡಿರೋರು."

"ಸ್ಟೇಟಸ್‌ನಿಂದ ಅಳಿಸಿದ್ದು ಯಾವಾಗ?"

"ಅಳಿಸ್ಲಿಲ್ಲ. ಇಪ್ಪತ್ತನಾಲ್ಕು ಗಂಟೆ ಆದ ಮೇಲೆ ಅದೇ ಹೋಯ್ತು." ಅವಳು ಕುಲಾವಿಯ ಲಾಡಿಯನ್ನು ಬೆರಳಿಗೆ ಸುತ್ತಿಕೊಳ್ಳತೊಡಗಿದಳು. "ನೀವು ಮೊದಲನೇ ಸಲ ಬಂದು, ಡಬ್ಬಿ ಮೇಲಿನ ವಿಳಾಸ ಯಾರ ಕೈಗೋ ಸಿಕ್ಕಿದೆ ಅಂದ್ರಲ್ಲ, ಆಗ ನೆನಪಾಯ್ತು. ಆಗಲೇ ಗೊತ್ತಾಯ್ತು ಸರ್ ನಂಗೆ. ಫೋನಲ್ಲಿದ್ದ ಫೋಟೊ ಅಳಿಸಿಬಿಟ್ಟೆ."

"ಬೆಟ್ಟಮ್ಮನಿಗೆ ನಾನು ಆ ಮಾತು ಅಂದಾಗ ನೀನು ಇಲ್ಲೇ ನಿಂತಿದ್ದೆ."

"ನಿಂತಿದ್ದೆ."

"ನನಗಿಂತ ಎರಡೇ ಹೆಜ್ಜೆ ಹಿಂದೆ."

"ಬಾಯಿ ತೆಗೆದೆ ಸರ್. ದೇವರಾಣೆ ತೆಗೆದೆ. ಅಷ್ಟೊತ್ತಿಗೆ ಪಕ್ಕದ ಮನೆಯೋರು, ಪಾಪ ಸ್ಮಿತಾ ಎಂಥವಳನ್ನ ನಂಬಿದ್ಲು ಅಂದ್ರು. ಅದನ್ನ ಕೇಳಿ ಬಾಯಿ ಮುಚ್ಕೊಂಡೆ." ಅವಳ ಕಣ್ಣಲ್ಲಿ ನೀರಿರಲಿಲ್ಲ, ಆದರೆ ಕುತ್ತಿಗೆಯವರೆಗೂ ಮುಖ ಕೆಂಪಾಗಿತ್ತು. "ಮೂರು ವರ್ಷದಿಂದ ನನ್ನ ಜೊತೆ ಊಟ ಮಾಡಿದೋಳು. ನನ್ನ ಮಗಳಿಗೆ ಜ್ವರ ಬಂದಾಗ ರಾತ್ರಿಯೆಲ್ಲಾ ಕೂತಿದ್ದೋಳು. ಎಂಟು ದಿನದಿಂದ ಈ ಮಿಷನ್ ಮುಂದೆ ಕೂತ್ರೆ, ಅವಳು ಚೀಲ ತಗೊಂಡಿದ್ದೇ ಕಾಣುತ್ತೆ ಸರ್."

ಬಸವರಾಜು ಬೈಯಬೇಕೆಂದುಕೊಂಡು ಬಂದಿದ್ದರು. ಬೈಗುಳ ಬರಲಿಲ್ಲ. ಇವಳು ಸುಮ್ಮನಿದ್ದವಳು, ಅಷ್ಟೆ. ಮಾತಾಡಿದ್ದು ತಾವು.

"ಅವಳ ಮನೆ ಎಲ್ಲಿ?"

"ಮಲ್ಲಿಪಟ್ಟಣಕ್ಕೆ ಹೋಗಿದ್ದಾಳೆ, ಅವಳ ಸ್ವಂತ ಮನೆಗೆ. ಹಳೇ ಹಿಟ್ಟಿನ ಗಿರಣಿ ಪಕ್ಕದ ಬೀದಿ. ನಾನೂ ಬರ್ತೀನಿ ಸರ್."

"ಬೇಡ. ಮೊದಲು ನಾನು ಹೋಗಬೇಕು."

ಅವರು ಮೆಟ್ಟಿಲಿಳಿದು ಸ್ಕೂಟರಿನ ಬಳಿ ನಿಂತಾಗ ಫೋನು ಬಡಿಯಿತು. ಮೋಹನ್‌ಕುಮಾರ್. ದೀಪಶ್ರೀಯ ಅಣ್ಣ. ತಂಗಿಯನ್ನೂ ಮಗುವನ್ನೂ ಹುಡುಕಿಕೊಡಿ ಎಂದು ಹಾಸನದ ಮನೆಗೆ ಬಂದು ಕೈಮುಗಿದಿದ್ದವನು. ದಿನಕ್ಕೊಂದು ಸಲ ಫೋನ್ ಮಾಡಿ ಏನಾಯಿತೆಂದು ಕೇಳುತ್ತಿದ್ದ.

"ಏನಾದ್ರೂ ಸುಳಿವು ಸಿಕ್ತಾ ಸರ್?"

ನನ್ನಿಂದ ದೊಡ್ಡ ತಪ್ಪಾಗಿದೆ, ಬೆಟ್ಟಮ್ಮ ನಿರಪರಾಧಿ ಎಂದು ಹೇಳಬೇಕಾದ ಹೊತ್ತು ಅದು. ಬಸವರಾಜುಗೆ ತಮ್ಮ ಮೂವತ್ತನಾಲ್ಕು ವರ್ಷದ ಹೆಸರು ನೆನಪಿಗೆ ಬಂತು.

"ಬೆಟ್ಟಮ್ಮನನ್ನ ಇನ್ನೊಂದು ಸಲ ವಿಚಾರಿಸಬೇಕು. ಮಲ್ಲಿಪಟ್ಟಣಕ್ಕೆ ಹೊರಟಿದ್ದೀನಿ," ಎಂದರು.

"ಓ. ಮಲ್ಲಿಪಟ್ಟಣದಲ್ಲಿ ಮನೆ ಎಲ್ಲಿ ಬರುತ್ತೆ ಸರ್ ಅವಳದ್ದು?"

"ಹಳೇ ಗಿರಣಿ ಪಕ್ಕ."

ಫೋನನ್ನು ಜೇಬಿಗಿಟ್ಟಾಗ ಅವರಿಗೆ ಅನ್ನಿಸಿತು: ಈಗ ತಾನೇ ಒಳಗೆ ಒಬ್ಬಳನ್ನು ಯಾವುದಕ್ಕೆ ತಲೆ ತಗ್ಗಿಸುವಂತೆ ಮಾಡಿ ಬಂದೆನೋ, ಹೊರಗೆ ಬಂದು ಅದನ್ನೇ ಮಾಡಿದೆ.

* * *

ಅರಕಲಗೂಡು ದಾಟಿ ಮಲ್ಲಿಪಟ್ಟಣ ಸೇರುವಷ್ಟರಲ್ಲಿ ಬಿಸಿಲು ನೆತ್ತಿಗೇರುತ್ತಿತ್ತು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಮನಸ್ಸಿನಲ್ಲೇ ಜೋಡಿಸಿಕೊಂಡಿದ್ದರು. ಗಿರಣಿಯ ಪಕ್ಕದ ಬೀದಿಗೆ ತಿರುಗಿದಾಗ ಅದರಲ್ಲಿ ಒಂದು ಮಾತೂ ಉಳಿದಿರಲಿಲ್ಲ.

ಬೆಟ್ಟಮ್ಮ ಬಾಗಿಲಲ್ಲಿ ಕಾಲು ನೀಡಿ ಕೂತು ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದಳು. ಅರವತ್ತು ದಾಟಿದ ಹೆಂಗಸು, ಬಾಣಂತಿಯರಿಗೂ ಎಳೆಗೂಸುಗಳಿಗೂ ನೀರು ಎರೆದು ಎರೆದು ಬಲಿತ ತೋಳುಗಳು. ಸ್ಕೂಟರ್ ನಿಂತದ್ದನ್ನು ಕಂಡರೂ ಏಳಲಿಲ್ಲ. ಮೊರ ಮಾತ್ರ ನಿಂತಿತು.

"ಇಲ್ಲೀಗೂ ಬಂದ್ರಾ ಸಾ."

"ಬೆಟ್ಟಮ್ಮ, ನಾನು ತಪ್ಪು ಮಾಡಿದೆ." ಬಸವರಾಜು ಅಂಗಳದಲ್ಲೇ ಚಪ್ಪಲಿ ಬಿಟ್ಟು ನಿಂತರು. "ಆ ಫೋಟೊ ತೆಗೆದದ್ದು ನೀವಲ್ಲ. ಸ್ಮಿತಾ ಒಪ್ಪಿಕೊಂಡಳು. ಗೊತ್ತಿಲ್ಲದೆ ಆಡಿದ ಮಾತು. ಕ್ಷಮಿಸಬೇಕು."

ಬೆಟ್ಟಮ್ಮ ರಾಗಿಯಲ್ಲಿದ್ದ ಕಲ್ಲೊಂದನ್ನು ಆರಿಸಿ ಬೀದಿಗೆ ಎಸೆದಳು.

"ಅವತ್ತು ಬೀದಿ ಮುಂದೆ ಯೋಳುದ್ರಿ. ಇವತ್ತು ನನ್ನೊಬ್ಳ ಮುಂದೆ ಯೋಳ್ತಾ ಇದೀರಿ."

ಅವರ ಕೈ ತಾನಾಗಿ ಅಂಗಿಯ ಗುಂಡಿಯ ಕಡೆ ಹೋಯಿತು. ಏನೂ ಬಿಚ್ಚಿಕೊಂಡಿರಲಿಲ್ಲ.

"ಹೊಳೆನರಸೀಪುರಕ್ಕೆ ಬನ್ನಿ. ಅದೇ ಬಾಗಿಲಲ್ಲಿ ನಿಂತು ಹೇಳ್ತೀನಿ."

"ನಾನ್ ಬತ್ತೀನಾ ಇನ್ನ ಆ ಬೀದೀಗೆ? ತರಕಾರಿ ಅಂಗ್ಡಿಯೋನು ಮೊಕ ತಿರುಗಿಸ್ಕಂಡ ಸಾ. ಬಾಡಿಗೆ ಮನೆಯೋರು ಸಾಯಂಕಾಲ್ಕೇ ಖಾಲಿ ಮಾಡಿ ಅಂದ್ರು." ದನಿ ಏರಲಿಲ್ಲ. "ಆ ಮಾತ್ನ ನೀವು ಕೂಗಿ ಆಡ್ಲೂ ಇಲ್ಲ. ಮೆಲ್ಲುಗೆ, ಕಾಗ್ದ ಓದ್ದಂಗೆ ಆಡುದ್ರಿ. ಅದ್ಕೇ ಎಲ್ಲಾರೂ ನಂಬುದ್ರು."

"ಆ ನೂರೈವತ್ತು ಗ್ರಾಂ..." ಬಸವರಾಜು ನಿಲ್ಲಿಸಿದರು. ಕೇಳುವುದಕ್ಕೆ ಈಗಲೂ ನಾಚಿಕೆಯಾಯಿತು. "ಡಬ್ಬಿಯೊಳಗೆ ಏನಿಟ್ಟಿರಿ?"

"ರಾಗಿ ಸರಿ ಸಾ. ಮೊಳಕೆ ಕಟ್ಟಿ, ಒಣಗಿಸಿ, ಬೀಸಿ, ವಸ್ತ್ರಗಾಳ್ತ ಮಾಡಿದ್ದು. ಕೂಸ್ಗೆ ಕುಡಿಸೋ ಹಿಟ್ಟು."

ಅವರು ತಲೆಯೆತ್ತಲಿಲ್ಲ. ಒಂದು ಹಿಡಿ ರಾಗಿ ಹಿಟ್ಟನ್ನು ಅವರು ಅಪರಾಧವೆಂದು ತೂಗಿದ್ದರು.

"ಇದನ್ನ ಅವತ್ತೇ ಹೇಳಬಹುದಿತ್ತಲ್ಲ ಬೆಟ್ಟಮ್ಮ."

ಬೆಟ್ಟಮ್ಮ ಒಮ್ಮೆ ಒಳಗೆ ತಿರುಗಿ ನೋಡಿದಳು. ಅವಳ ಹಿಂದೆ, ನಡುಮನೆಯ ಕತ್ತಲಿನಿಂದ, ಒಂದು ಮಗು ಅಂಬೆಗಾಲಿಟ್ಟುಕೊಂಡು ಬಂತು. ಹೊಸ್ತಿಲಿನ ಹತ್ತಿರ ಬಂದು ಕೂತು, ರಾಗಿಯ ಮೊರಕ್ಕೆ ಕೈ ಹಾಕಿತು. ತಲೆಯ ಮೇಲೆ ಹಳದಿ ಅಂಚಿನ ಕುಲಾವಿ. ಬೆಳಿಗ್ಗೆ ಸ್ಮಿತಾಳ ಯಂತ್ರದ ಮೇಲಿದ್ದದ್ದೂ ಇಂಥದೇ.

ಬೆಟ್ಟಮ್ಮ ಮಗುವನ್ನು ತೊಡೆಯ ಮೇಲೆ ಎಳೆದುಕೊಂಡು ಸೆರಗು ಮುಚ್ಚಿದಳು. ಆಗಲೇ ತಡವಾಗಿತ್ತು.

ಬಸವರಾಜು ಅಲ್ಲೇ ಅಂಗಳದ ಕಲ್ಲಿನ ಮೇಲೆ ಕೂತರು. ಅಂದು ಅವಳು ಯಾಕೆ ಸುಮ್ಮನಿದ್ದಳೆಂಬುದು ಈಗ ತಿಳಿಯಿತು. ರಾಗಿ ಸರಿ ಇಟ್ಟೆ ಎಂದಿದ್ದರೆ, ಯಾಕೆ ಇಟ್ಟೆ, ಆ ಹುಡುಗಿ ನಿನಗೆ ಹೇಗೆ ಗೊತ್ತು ಎಂದು ಅವರೇ ಕೇಳುತ್ತಿದ್ದರು. ಕೇಳುತ್ತ ಕೇಳುತ್ತ ಅವಳ ಬಾಡಿಗೆ ಕೋಣೆಯವರೆಗೂ ಹೋಗುತ್ತಿದ್ದರು.

"ಆವಾಗ್ಲೇ ಇವ್ರು ನನ್ನ ರೂಮ್ನಾಗಿದ್ರು ಸಾ," ಎಂದಳು ಬೆಟ್ಟಮ್ಮ. "ಈ ಕೂಸು ಉಟ್ದಾಗ ಎರ್ದೋಳು ನಾನು. ಸ್ಮಿತಮ್ಮನ ಕೆಲ್ಸಕ್ಕೆ ರಜ ಆಕಿ, ಇವ್ಳ ಅತ್ತೆ ಮನೇಲಿ ಮೂರು ತಿಂಗ್ಳು ಇದ್ದೆ. ಎಲ್ಲಾ ಕಂಡಿವ್ನಿ. ಸ್ಮಿತಮ್ಮ ಲೇಬ್ಲು ಓದ್ದಾಗ, ಆ ಎಸ್ರು ಕೇಳಿ, ಇವ್ಳೇಯ ಅಂದ್ಕಂಡೆ. ಅದ್ಕೇ ತಿಂಗ್ಳು ಕೇಳ್ದೆ. ಇವ್ಳು ಡಬ್ಬಿ ಬಿಚ್ಚಿ, ಹಿಟ್ಟು ಕಟ್ಟಿದ್ದ ಬಟ್ಟೆ ಗಂಟು ನೋಡಿ, ನಂದೇ ಅಂತ ಕಂಡಿಡುದ್ಲು. ಅವ್ನು ಬಂದಾಗ, ಡಬ್ಬಿ ಮೇಲೆ ಸ್ಮಿತಮ್ಮನ ಊರು ಇತ್ತಲ್ಲ, ಅಲ್ಲೀಗೇ ಓಡಿ ಬಂದ್ಲು. ಬೀದಿ ಮೂಲೇಲಿ ನಿಂತಿದ್ದು, ನಾನ್ ಈಚ್ಗೆ ಬರ್ಗಂಟ ಕಾದ್ಲು."

ನಡುಮನೆಯಿಂದ ದೀಪಶ್ರೀ ಹೊರಗೆ ಬಂದಳು. ಇಪ್ಪತ್ತೈದರ ಹುಡುಗಿ. ಬಾಗಿಲ ಪಕ್ಕದ ಗೋಡೆಗೆ ಬೆನ್ನು ಕೊಟ್ಟು, ಬೀದಿಗೆ ಕಾಣದಂತೆ ನಿಂತಳು.

"ನಿಮ್ಮನ್ನ ಯಾರು ಕಳಿಸಿದ್ದು?" ಎಂದು ಕೇಳಿದಳು.

"ಹೆದರಬೇಡಮ್ಮ. ನಿನ್ನ ಗಂಡನ ಕಡೆಯವನಲ್ಲ ನಾನು. ನಿನ್ನ ಅಣ್ಣ ಮೋಹನ್‌ಕುಮಾರ್ ಕೇಳಿಕೊಂಡದ್ದಕ್ಕೆ ಬಂದೆ."

ದೀಪಶ್ರೀ ಅವರ ಮುಖವನ್ನೇ ನೋಡಿದಳು.

"ನಂಗೆ ಅಣ್ಣ ಇಲ್ಲ," ಎಂದಳು. "ಮೋಹನ್‌ಕುಮಾರ್ ನನ್ನ ಗಂಡನ ದೊಡ್ಡಪ್ಪನ ಮಗ."

ಮೋಹನ್‌ಕುಮಾರ್ ಮದುವೆಯ ಫೋಟೊ ತಂದಿದ್ದ. ಅದರಲ್ಲಿ ದೀಪಶ್ರೀಯ ಪಕ್ಕದಲ್ಲೇ ನಿಂತಿದ್ದ. ಅದನ್ನು ನೋಡಿ ಬಸವರಾಜು ನಂಬಿದ್ದರು. ರಿಜಿಸ್ಟರ್ ಪತ್ರವೊಂದನ್ನು ಕೊಡಬೇಕಾದರೂ ಗುರುತಿನ ಚೀಟಿ ಕೇಳಿ, ಸಹಿ ನೋಡಿ, ಅನುಮಾನ ಬಂದರೆ ವಾಪಸು ಕಳಿಸುತ್ತಿದ್ದ ಮನುಷ್ಯ, ಒಬ್ಬ ತಾಯಿ ಮಗುವನ್ನು ಹುಡುಕಿಕೊಡಲು ಏನನ್ನೂ ಕೇಳಿರಲಿಲ್ಲ.

"ಅವರಿಗೆ ಮಗು ಬೇಕು," ಎಂದಳು ದೀಪಶ್ರೀ. "ಮಗು ಮೇಲೆ ಪ್ರೀತಿ ಅಂತಲ್ಲ ಸರ್. ಮಗು ಕಿತ್ಕೊಂಡ್ರೆ ನಾನಾಗೇ ಬರ್ತೀನಿ ಅಂತ ಗೊತ್ತು. ಹೋದ ಸಲ ಹಂಗೇ ಮಾಡಿದ್ರು. ಮೂರು ತಿಂಗಳ ಕೂಸು. ಎರಡು ದಿನ ನನ್ನ ಹಾಲು ಸಿಗದಂಗೆ ಬೇರೆ ಮನೇಲಿ ಇಟ್ರು. ನಾನು ಅವರ ಕಾಲು ಹಿಡ್ಕೊಂಡ ಮೇಲೆ ಕೊಟ್ರು. ಹಿರಿಯರು ಕೂತು ರಾಜಿ ಮಾಡಿದ್ರು." ಅವಳು ಮಗುವಿನ ಕಡೆ ನೋಡಿದಳು. "ನೀವು ಅವನಿಗೆ ಇಲ್ಲಿಗೆ ಬರ್ತೀನಿ ಅಂತ ಹೇಳಿದ್ದೀರಾ?"

ಬಸವರಾಜು ಇಲ್ಲ ಎಂದು ಹೇಳಬಹುದಾಗಿದ್ದರೆ ಏನನ್ನು ಬೇಕಾದರೂ ಕೊಡುತ್ತಿದ್ದರು.

"ಹೇಳಿದ್ದೀನಿ. ಗಿರಣಿ ಪಕ್ಕ ಅಂತಾನೂ ಹೇಳಿದ್ದೀನಿ."

ಬೆಟ್ಟಮ್ಮ ಮಗುವನ್ನು ದೀಪಶ್ರೀಯ ಕೈಗೆ ಕೊಟ್ಟಳು. ಬೈಯಲಿಲ್ಲ. ಅವಳು ಬೈದಿದ್ದರೆ ಬಸವರಾಜುಗೆ ಎಷ್ಟೋ ಹಗುರವಾಗುತ್ತಿತ್ತು.

ಅವರು ಪೊಲೀಸ್ ಸಹಾಯವಾಣಿಗೆ ಫೋನ್ ಮಾಡಿ ವಿಷಯ ತಿಳಿಸಿದರು. ಅರಕಲಗೂಡಿನ ಕಡೆಯಿಂದ ಗಾಡಿ ಹೊರಡುತ್ತದೆ, ಅರ್ಧ ಗಂಟೆಯಾಗುತ್ತದೆ ಎಂದು ಆ ಕಡೆಯಿಂದ ಉತ್ತರ ಬಂತು. ಫೋನ್ ಇಡುವಷ್ಟರಲ್ಲಿ ಇನ್ನೊಂದು ಕರೆ ಬಂತು. ಮೋಹನ್‌ಕುಮಾರ್.

"ನಾವೂ ಬಂದ್ಬುಟ್ವಿ ಸರ್. ಗಿರಣಿ ಎಲ್ಲಿ ಅಂತ ಕೇಳ್ತಿದ್ದೀವಿ. ನೀವು ಅಲ್ಲೇ ಇರಿ."

ನಾವು ಎಂದಿದ್ದ ಅವನು. ಬಸವರಾಜು ಅದನ್ನು ಗಮನಿಸಿದರು.

"ಹಿತ್ತಲ ಬಾಗಿಲು ಇದೆಯಾ?"

"ಐತೆ. ಅದೂ ಸುತ್ತಿ ಈ ಬೀದೀಗೇ ಬತ್ತದೆ. ಕೂಸ್ನ ಎತ್ಕಂಡು ಬಯಲ್ನಾಗೆ ಓಡುದ್ರೆ ಕಾಣ್ದೇ ಇದ್ದಾತಾ?" ಬೆಟ್ಟಮ್ಮ ಎದ್ದು ನಿಂತಳು. ಬೀದಿಯ ಎರಡೂ ತುದಿಯನ್ನು ನೋಡಿದಳು. ಆಮೇಲೆ ಬಸವರಾಜುವನ್ನು ನೋಡಿದಳು.

"ಬೈಯ್ರಿ ಸಾ," ಎಂದಳು.

"ಏನು?"

"ಅವತ್ತು ಬೈದ್ರಲ್ಲಾ, ಅಂಗೇ ಬೈಯ್ರಿ. ಬೀದೀಲಿ ನಿಂತ್ಕಂಡು. ಮನೆಯೆಲ್ಲಾ ಉಡುಕ್ದೆ, ಯಾರೂ ಇಲ್ಲ, ಈ ಕಳ್ಳಿ ಅವ್ಳನ್ನ ಎಲ್ಲೀಗೋ ಸಾಗಿಸ್ಬುಟ್ಟು ಈಗ ಬಾಯಿ ಬಿಡ್ತಾ ಇಲ್ಲ ಅನ್ರಿ. ನೀವು ಯೋಳುದ್ರೆ ನಂಬ್ತಾರೆ. ಅವತ್ತೂ ನಂಬುದ್ರಲ್ಲ."

"ಬೆಟ್ಟಮ್ಮ, ನನ್ನಿಂದ ಆಗಲ್ಲ."

"ಆಯ್ತದೆ. ಅರ್ಧ ಗಂಟೆ ತಾನೇ."

"ಇದು ನಿಮ್ಮ ಊರು. ನಿಮ್ಮವರೇ ಕೇಳ್ತಾರೆ."

"ಕೇಳ್ಲಿ," ಎಂದಳು ಬೆಟ್ಟಮ್ಮ. ದೀಪಶ್ರೀಯನ್ನೂ ಮಗುವನ್ನೂ ಒಳಕೋಣೆಗೆ ಕಳಿಸಿ ಬಾಗಿಲು ಎಳೆದು, ತಾನು ಬಂದು ಮೊದಲಿನಂತೆ ಹೊಸ್ತಿಲಲ್ಲಿ ಕೂತಳು. ಮೊರವನ್ನು ತೊಡೆಯ ಮೇಲೆ ಇಟ್ಟುಕೊಂಡಳು. "ಓಗಿ, ನಿಂತ್ಕಳಿ."

* * *

ಬಸವರಾಜು ಬೀದಿಗೆ ಬಂದು ನಿಂತರು. ಎಂಟು ದಿನಗಳ ಹಿಂದೆ ಮಾತುಗಳು ತಾವಾಗಿ ಬಂದಿದ್ದವು. ಇಂದು ಒಂದೊಂದನ್ನೂ ಎಳೆದು ತರಬೇಕಾಯಿತು.

"ನಿಜ ಹೇಳು," ಎಂದರು. ದನಿ ಸಾಲದೆನಿಸಿ ಮತ್ತೆ ಗಟ್ಟಿಯಾಗಿ ಹೇಳಿದರು. "ಎಲ್ಲಿಗೆ ಕಳಿಸಿದೆ ಅವಳನ್ನ? ಮನೆಯೆಲ್ಲಾ ನೋಡಿದೆ. ಇಲ್ಲೇ ಇದ್ದದ್ದು ಗೊತ್ತು. ಎಷ್ಟು ಜನರಿಗೆ ಮೋಸ ಮಾಡ್ತೀಯ ನೀನು?"

ಎದುರು ಮನೆಯ ಬಾಗಿಲು ತೆರೆಯಿತು. ಮುದ್ದಮ್ಮ ಎಂಬ ಮುದುಕಿ ಹೊರಗೆ ಬಂದಳು. ಗಿರಣಿಯ ಕಟ್ಟೆಯ ಮೇಲಿದ್ದ ಇಬ್ಬರು ಎದ್ದು ಬಂದರು. ನಲ್ಲಿಯ ಹತ್ತಿರದ ಹೆಂಗಸರು ಕೊಡ ಇಳಿಸಿದರು.

"ಹೊಳೆನರಸೀಪುರದಲ್ಲಿ ಅನ್ನ ಹಾಕಿದ ಮನೆಗೇ ಎರಡು ಬಗೆದೆ. ಅಲ್ಲಿಂದ ಓಡಿಸಿದ ಮೇಲೆ ಇಲ್ಲಿಗೆ ಬಂದು ಸೇರಿಕೊಂಡೆ."

"ಅದ್ಕಾ ಬಂದಿದ್ದು ಇವ್ಳು," ಎಂದಳು ಮುದ್ದಮ್ಮ ಪಕ್ಕದವರಿಗೆ. "ಊರ್ ನೆಪ್ಪಾಯ್ತು ಅಂತ ಯೋಳಿದ್ಲಲ್ಲ ನಂಗೆ."

ಬೆಟ್ಟಮ್ಮ ತಲೆಯೆತ್ತಿ ಮುದ್ದಮ್ಮನನ್ನು ಒಂದು ಸಲ ನೋಡಿದಳು. ಮತ್ತೆ ರಾಗಿಯ ಕಡೆಗೆ ಬಗ್ಗಿದಳು. ಅವಳ ಬೆರಳುಗಳು ಮೊರದಲ್ಲಿ ಓಡಾಡುತ್ತಿದ್ದವು, ಆದರೆ ಒಂದು ಕಲ್ಲನ್ನೂ ಆರಿಸುತ್ತಿರಲಿಲ್ಲ.

ಬಿಳಿ ಕಾರೊಂದು ಬೀದಿಗೆ ತಿರುಗಿ ಬಂದು ನಿಂತಿತು. ಮೋಹನ್‌ಕುಮಾರ್ ಇಳಿದ. ಹಿಂದಿನ ಸೀಟಿನ ಕಿಟಕಿಯ ಗಾಜು ಕಪ್ಪಗಿತ್ತು, ಒಳಗೆ ಯಾರಿದ್ದಾರೆಂದು ಕಾಣುತ್ತಿರಲಿಲ್ಲ.

"ಏನ್ ಸರ್, ಬೀದೀಲೇ ಶುರು ಮಾಡ್ಕೊಂಡ್ಬುಟ್ರಿ," ಎಂದ ಮೋಹನ್‌ಕುಮಾರ್. ಮುಖದಲ್ಲಿ ನಗು ಇತ್ತು.

"ಮೂರು ದಿನ ಇಲ್ಲಿ ಇಟ್ಟುಕೊಂಡಿದ್ದಾಳೆ. ನಿನ್ನೆ ಬೆಳಿಗ್ಗೆ ಬಸ್ಸು ಹತ್ತಿಸಿದ್ದಾಳೆ. ಎಲ್ಲಿಗೆ ಅಂತ ಬಾಯಿ ಬಿಡ್ತಿಲ್ಲ. ಒಳಗೆಲ್ಲ ನೋಡಿಬಿಟ್ಟೆ," ಎಂದರು ಬಸವರಾಜು. ತಮ್ಮ ದನಿ ತಮಗೇ ಗುರುತು ಸಿಗದಷ್ಟು ಶಾಂತವಾಗಿತ್ತು. ಕಾಗದ ಓದಿದಂತೆ. "ಇಂಥವಳ ಜೊತೆ ಮಾತಾಡಿ ಪ್ರಯೋಜನವಿಲ್ಲ. ಸ್ಮಿತಾಳ ಡಬ್ಬಿ ತೆರೆದವಳು. ಅವತ್ತೇ ಹೇಳಿದ್ದೆನಲ್ಲ ನಿಮಗೆ. ಬನ್ನಿ, ಬಸ್ ಸ್ಟ್ಯಾಂಡಿನಲ್ಲಿ ವಿಚಾರಿಸೋಣ."

ಮೋಹನ್‌ಕುಮಾರ್ ಬೆಟ್ಟಮ್ಮನನ್ನು ನೋಡಿದ. ಸುತ್ತ ನಿಂತ ಜನರನ್ನು ನೋಡಿದ. ಮುದ್ದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡು, ಥೂ ಎಂದಳು. ಅದು ನಾಟಕವಾಗಿರಲಿಲ್ಲ. ಮೋಹನ್‌ಕುಮಾರನಿಗೆ ಅಷ್ಟು ಸಾಕಾಯಿತೆಂದು ತೋರಿತು.

"ಸರಿ, ನಡೀರಿ ಸರ್," ಎಂದು ಕಾರಿನ ಬಾಗಿಲಿಗೆ ಕೈ ಹಾಕಿದ.

ಬಸವರಾಜು ಗಡಿಯಾರ ನೋಡಿಕೊಳ್ಳಲಿಲ್ಲ. ಹನ್ನೆರಡು ನಿಮಿಷವಾಗಿರಬಹುದು. ಇನ್ನು ಕಾರು ಈ ಬೀದಿ ಬಿಟ್ಟರೆ ಸಾಕು.

ಆಗ ಗಿರಣಿಯ ಮೂಲೆಯಿಂದ ಒಬ್ಬಳು ಬಿರುಬಿರನೆ ನಡೆದು ಬಂದಳು. ಬಸ್ಸಿಳಿದು ಓಡಿ ಬಂದವಳಂತೆ ಬೆವರಿದ್ದಳು. ಕೂದಲು ಬಿಚ್ಚಿತ್ತು. ಅವಳು ಸ್ಮಿತಾ. ಜನರ ನಡುವೆ ದಾರಿ ಮಾಡಿಕೊಂಡು ಬಂದು, ಬೆಟ್ಟಮ್ಮನ ಎದುರಿಗೆ, ಎಲ್ಲರಿಗೂ ಕಾಣುವಂತೆ ನಿಂತಳು. ಬಸವರಾಜು ಕೈ ಎತ್ತಿ ಬೇಡವೆಂದು ಸನ್ನೆ ಮಾಡಿದರು. ಅವಳು ಅವರ ಕಡೆ ನೋಡಲೇ ಇಲ್ಲ.

"ಎಲ್ಲಾರೂ ಕೇಳಿ," ಎಂದಳು. ದನಿ ಬೀದಿಯ ಕೊನೆಯವರೆಗೂ ಕೇಳಿಸಿತು. "ಬೆಟ್ಟಮ್ಮ ಏನೂ ತಪ್ಪು ಮಾಡಿಲ್ಲ. ಆ ವಿಳಾಸ ಹೊರಗೆ ಹಾಕಿದ್ದು ನಾನು. ಸ್ಟೇಟಸ್‌ಗೆ ನಾನೇ ಹಾಕಿದ್ದು. ಇವಳ ಮೇಲೆ ಬಂದಾಗ ಸುಮ್ಮನಿದ್ದೆ. ಇವತ್ತು ಹೇಳ್ತಿದ್ದೀನಿ."

ಎಂಟು ದಿನದಿಂದ ಗಂಟಲಲ್ಲಿ ಕೂತಿದ್ದ ಮಾತು ಅದು. ಆಡಿದ ಮೇಲೆ ಅವಳ ಮುಖ ಹಗುರವಾಯಿತು. ಆಮೇಲೆ ಬಸವರಾಜುವಿನ ಕಡೆ ತಿರುಗಿದಳು.

"ಬೆಳಿಗ್ಗೆನೇ ನಿಮ್ಮ ಹತ್ರ ಎಲ್ಲಾ ಒಪ್ಕೊಂಡೆನಲ್ಲ ಸರ್. ಕ್ಷಮೆ ಕೇಳೋಕೆ ಅಂತ ತಾನೇ ನೀವು ಇಲ್ಲಿಗೆ ಬಂದಿದ್ದು? ಮತ್ತೆ ಇವಳನ್ನ ಯಾಕೆ ಬೈತಿದ್ದೀರಾ?"

ಬೆಟ್ಟಮ್ಮ ಕಣ್ಣು ಮುಚ್ಚಿಕೊಂಡಳು.

ಮೋಹನ್‌ಕುಮಾರ್ ಕಾರಿನ ಬಾಗಿಲಿನಿಂದ ಕೈ ತೆಗೆದ. ಸ್ಮಿತಾಳನ್ನು ನೋಡಿದ, ಬಸವರಾಜುವನ್ನು ನೋಡಿದ. ಆಮೇಲೆ ಬೆಟ್ಟಮ್ಮನ ಹಿಂದೆ, ನಡುಮನೆಯ ಆಚೆ ಮುಚ್ಚಿದ್ದ ಬಾಗಿಲಿನ ಮೇಲೆ ಅವನ ಕಣ್ಣು ನಿಂತಿತು.

"ಹೌದಲ್ಲ ಸರ್," ಎಂದ ಮೆಲ್ಲಗೆ. "ಕ್ಷಮೆ ಕೇಳೋಕೆ ಬಂದೋರು, ಬೀದೀಲಿ ನಿಂತು ಯಾಕೆ ಬೈತಿದ್ರಿ?"

ಬಸವರಾಜು ಅವನಿಗೂ ಬಾಗಿಲಿಗೂ ನಡುವೆ ಬಂದು ನಿಂತರು.

ಮೋಹನ್‌ಕುಮಾರ್ ಕಾರಿನ ಕಪ್ಪು ಗಾಜನ್ನು ಬೆರಳಿನಿಂದ ಎರಡು ಸಲ ತಟ್ಟಿದ.

"ಇಳಿಯೋ ಸುನೀಲ," ಎಂದ. "ಇಲ್ಲೇ ಅವ್ಳೆ."